33,500 ರೂಪಾಯಿಯ ರೋಬೋ ಕಿಟ್: ಕೊಳ್ಳೋದಾ, ಬೇಡವಾ?

ಪ್ರಶ್ನೆ: ನಾನು ಬನಶಂಕರಿ 3ನೇ ಹಂತದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಕಳೆದ ವರ್ಷ ಗುಂಡಮ್ ಕಿಟ್ (ಜಪಾನಿ ಟಿವಿ ಧಾರಾವಾಹಿಯ ರೋಬೋಗಳ ಪ್ಲಾಸ್ಟಿಕ್ ಮಾದರಿ, ತುಂಡು ಜೋಡಿಸಿ ಕಟ್ಟುವಂಥದ್ದು) ಕಟ್ಟುವ ಹುಚ್ಚು ಹತ್ತಿತು, ಈವರೆಗೆ ಎರಡು ಹೈ ಗ್ರೇಡ್ (ಸಣ್ಣ ಗಾತ್ರದ ಸಾಮಾನ್ಯ ದರ್ಜೆ) ಮುಗಿಸಿದ್ದೇನೆ. ಈಗ ಬೋನಸ್ ಬಂದಿದೆ. ಕೋರಮಂಗಲದ ಕಡೆ ಒಂದು ಅಂಗಡಿಯಲ್ಲಿ ಧಾರಾವಾಹಿಯ ಮುಖ್ಯ ರೋಬೋ ಆರ್‌ಎಕ್ಸ್-78-2ರ ದೊಡ್ಡ, ದುಬಾರಿ ದರ್ಜೆಯ ಕಿಟ್ ಪರ್ಫೆಕ್ಟ್ ಗ್ರೇಡ್ ಅನ್‌ಲೀಶ್ಡ್ ನೋಡಿದೆ, 33,500 ರೂಪಾಯಿ. ಒಂದೇ ಪೀಸ್ ಉಳಿದಿದೆ ಅಂತಾರೆ. ಅಮ್ಮ "ಆ ದುಡ್ಡಿಗೆ ಹೊಸ ಫ್ರಿಜ್ ಬರತ್ತಲ್ಲೋ" ಅಂದರು. ನಾಲ್ಕು ವರ್ಷದ ಮಗನಿದ್ದಾನೆ. ಅಷ್ಟು ದುಡ್ಡು ಕೊಡುವಂಥದ್ದು ಅದರಲ್ಲಿ ಏನಿದೆ? ಕೊಳ್ಳಬಹುದಾ?

ಉತ್ತರ: ಕೊಳ್ಳಬಹುದು, ಆದರೆ ಈ ತಿಂಗಳು ಬೇಡ. ಆ ಪೆಟ್ಟಿಗೆಯಲ್ಲಿ ನಿಮ್ಮ ದುಡ್ಡು ಎಲ್ಲಿ ಕೂತಿದೆ ಅನ್ನೋದನ್ನು ನೋಡೋಕೆ ಎರಡು ಕಿಟ್ ಕಟ್ಟಿದ ಕಣ್ಣು ಸಾಲದು. ಇನ್ನೆರಡು ಕಟ್ಟಿ, ಆಮೇಲೆ ಅದೇ ಅಂಗಡಿಗೆ ಹೋಗಿ. "ಒಂದೇ ಪೀಸ್" ಅನ್ನುವ ಮಾತನ್ನು ನಾನು ಚಿಕ್ಕಪೇಟೆಯ ಸೀರೆ ಅಂಗಡಿಯಿಂದ ಹಿಡಿದು ಎಲ್ಲ ಕಡೆ ಕೇಳಿದ್ದೇನೆ. ಈ ಕಿಟ್ 2020ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ಡೈ, ಅಂದರೆ ಅಚ್ಚಿನ ಲೋಹದ ಪಡಿಯಚ್ಚು, ಇರುವವರೆಗೆ ಕಂಪನಿಯವರು ಮತ್ತೆ ಮತ್ತೆ ಅಚ್ಚು ಹಾಕುತ್ತಾರೆ. ಇವತ್ತಿಲ್ಲದಿದ್ದರೆ ಆರು ತಿಂಗಳು ಬಿಟ್ಟು ಸಿಕ್ಕೀತು.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ 19 ವರ್ಷ ಇಂಜೆಕ್ಷನ್ ಮೋಲ್ಡ್ (ಕರಗಿದ ಪ್ಲಾಸ್ಟಿಕ್ ತಳ್ಳಿ ವಸ್ತು ತೆಗೆಯುವ ಡೈ) ಮಾಡಿದವನು. ಸ್ವಿಚ್ ಬಾಕ್ಸು, ಮಿಕ್ಸಿ ಹಿಡಿ, ಔಷಧಿ ಬಾಟಲಿ ಮುಚ್ಚಳ, ಇಂಥವು. ಹಾಗಾಗಿ ಗುಂಡಮ್ ಕಿಟ್ ನನ್ನ ಕೈಗೆ ಬಂದರೆ ಮೊದಲು ನೋಡೋದು ರೋಬೋನ ಮುಖವನ್ನಲ್ಲ, ರನ್ನರನ್ನು, ಅಂದರೆ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟನ್ನು. ನನ್ನ ಹೆಂಡತಿ ಇದನ್ನು "ಮದುವೆ ಮನೆಗೆ ಹೋಗಿ ಪಾತ್ರೆ ತಳ ನೋಡೋದು" ಅಂತಾಳೆ. ಇರಲಿ. ಕಿಟ್‌ನ ಬೆಲೆ ಅರ್ಥವಾಗಬೇಕಾದರೆ ನೋಡಬೇಕಾದ್ದು ಅಲ್ಲೇ.

ನಿಮ್ಮ ಎರಡನೇ ಹೈ ಗ್ರೇಡ್‌ನ ಖಾಲಿ ರನ್ನರ್ ಇನ್ನೂ ಬಿಸಾಕಿಲ್ಲ ಅಂದುಕೊಳ್ಳುತ್ತೇನೆ. ಅದನ್ನು ತೆಗೆದು ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಒಂದೇ ಚೌಕಟ್ಟಿನಲ್ಲಿ ಬಿಳಿ, ನೀಲಿ, ಕೆಂಪು, ಹಳದಿ ನಾಲ್ಕೂ ಬಣ್ಣ ಇದ್ದರೆ ಅದು ಒಂದೇ ಮೋಲ್ಡ್‌ಗೆ ನಾಲ್ಕು ಬಣ್ಣದ ಪ್ಲಾಸ್ಟಿಕ್ ತಳ್ಳಿ ತೆಗೆದದ್ದು. ಪೀಣ್ಯದಲ್ಲಿ ನಾವು ಎರಡು ಬಣ್ಣದ ಟೂತ್‌ಬ್ರಷ್ ಹಿಡಿಗೇ ತಿಂಗಳುಗಟ್ಟಲೆ ಒದ್ದಾಡಿದ್ದೇವೆ. ಒಂದು ಬಣ್ಣ ಇನ್ನೊಂದರ ಜಾಗಕ್ಕೆ ನುಗ್ಗದ ಹಾಗೆ ಗೇಟ್ (ಪ್ಲಾಸ್ಟಿಕ್ ಒಳಗೆ ಹರಿಯುವ ಕಿಂಡಿ) ಎಲ್ಲಿಡಬೇಕು, ಒತ್ತಡ ಎಷ್ಟು, ಯಾವುದು ಮೊದಲು ತಣ್ಣಗಾಗಬೇಕು ಅನ್ನುವ ಲೆಕ್ಕ ಸಣ್ಣದಲ್ಲ. ಕಿಟ್ ತಯಾರಿಸುವ ಬಂಡಾಯ್ ಕಂಪನಿ (ನಮ್ಮ ಬಂಡಾಯ ಸಾಹಿತ್ಯಕ್ಕೂ ಇದಕ್ಕೂ ಸಂಬಂಧವಿಲ್ಲ) ಜಪಾನಿನ ಶಿಜುವೋಕಾದಲ್ಲಿ ಇದನ್ನು ದಶಕಗಳಿಂದ ಮಾಡುತ್ತಾ ಬಂದಿದೆ. ಗುಂಡಮ್ ಟಿವಿ ಧಾರಾವಾಹಿ ಶುರುವಾದದ್ದು 1979ರಲ್ಲಿ, ಮೊದಲ ಕಿಟ್ ಬಂದದ್ದು ಮರುವರ್ಷ. ಆಗ ಅದರ ಬೆಲೆ 300 ಯೆನ್. ಪ್ಲಾಸ್ಟಿಕ್ ಒಂದೇ ಬಣ್ಣದ್ದು, ಅಂಟು ಹಚ್ಚಿ ಕಟ್ಟಬೇಕಿತ್ತು. ಇವತ್ತು ಅಂಟೂ ಬೇಡ, ಬಣ್ಣವೂ ಬೇಡ ಅನ್ನುವಂತಾಗಿರೋದು ಡೈಯಿಂದ. ಪ್ಲಾಸ್ಟಿಕ್‌ಗೆ ಅಷ್ಟೇನೂ ಬೆಲೆ ಇಲ್ಲ. ನೀವು ದುಡ್ಡು ಕೊಡುವುದು ಡೈಗೆ.

ಇಲ್ಲೊಂದು ಮುಖ್ಯ ಎಚ್ಚರಿಕೆ. "ಪರ್ಫೆಕ್ಟ್ ಗ್ರೇಡ್" ಅಂತ ಪೆಟ್ಟಿಗೆಯ ಮೇಲಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಆರ್‌ಎಕ್ಸ್-78-2ರ ಮೊದಲ ಪರ್ಫೆಕ್ಟ್ ಗ್ರೇಡ್ 1998ರದ್ದು, ಪಟ್ಟಿ ಬೆಲೆ ತೆರಿಗೆ ಬಿಟ್ಟು 12,000 ಯೆನ್. ಅದೂ 1/60 (ಕಥೆಯ ರೋಬೋನ ಅರವತ್ತನೇ ಒಂದು ಭಾಗದ ಅಳತೆ), ಅದೂ ಅದೇ ರೋಬೋ, ಇವತ್ತೂ ಮಾರುಕಟ್ಟೆಯಲ್ಲಿದೆ. ನಿಮ್ಮ ಕಣ್ಣಿಗೆ ಬಿದ್ದಿರುವ ಅನ್‌ಲೀಶ್ಡ್ 2020ರದ್ದು, ತೆರಿಗೆ ಬಿಟ್ಟು 25,000 ಯೆನ್. ಎರಡರ ನಡುವೆ 22 ವರ್ಷ ಇದೆ. ಹಳೆಯದು ಕೆಟ್ಟದ್ದಲ್ಲ. ಆ ಕಾಲಕ್ಕೆ ಅದು ಬೆರಗು ಹುಟ್ಟಿಸಿದ ಕಿಟ್. ಆದರೆ ಕೆಲವು ಅಂಗಡಿಗಳಲ್ಲಿ 1998ರದ್ದನ್ನೇ ಧೂಳು ಒರೆಸಿ "ಪರ್ಫೆಕ್ಟ್ ಗ್ರೇಡ್ ಸಾರ್, ಟಾಪ್ ಮಾಡೆಲ್" ಅಂತ ಹೊಸದರ ಹತ್ತಿರದ ಬೆಲೆಗೆ ತೋರಿಸಿದ್ದನ್ನು ಕಂಡಿದ್ದೇನೆ. ಪೆಟ್ಟಿಗೆಯ ಮೇಲೆ "ಅನ್‌ಲೀಶ್ಡ್" ಅನ್ನುವ ಪದ ಇದೆಯೇ ನೋಡಿ. ಯಾವ ಕಿಟ್ ಆದರೂ ಬಿಡುಗಡೆಯಾದ ವರ್ಷ ಮೊಬೈಲಿನಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ. ದುಬಾರಿ ಕಿಟ್ ಕೊಳ್ಳುವಾಗ ಗ್ರೇಡ್‌ಗಿಂತ ವರ್ಷ ನೋಡಿ ಅಂತ ನಾನು ಹೇಳೋದು ಇದಕ್ಕೇ. 2024ರಲ್ಲಿ ಬಂದ ರಿಯಲ್ ಗ್ರೇಡ್ (ಸಣ್ಣ ಗಾತ್ರದಲ್ಲೇ ಹೆಚ್ಚು ಸೂಕ್ಷ್ಮ ಕೆಲಸವಿರುವ ದರ್ಜೆ) ಆರ್‌ಎಕ್ಸ್-78-2ರ ಎರಡನೇ ಆವೃತ್ತಿಯ ಮೊಣಕಾಲು ಮಡಚಿ ನೋಡಿದರೆ, 1998ರ ಮೂವತ್ತು ಸೆಂಟಿಮೀಟರ್ ದೊಡ್ಡಣ್ಣ ನಾಚಿಕೊಳ್ಳಬೇಕು.

ಈಗ ಬೆಲೆ. ಯೆನ್‌ಗೆ ಸುಮಾರು 58 ಪೈಸೆ ಅಂತ ಹಿಡಿಯೋಣ. 25,000 ಯೆನ್ ಅಂದರೆ 14,500 ರೂಪಾಯಿ. ಈ ಪೆಟ್ಟಿಗೆ ದಪ್ಪಗಿದೆ, ವಿಮಾನದವರು ಇಂಥದ್ದಕ್ಕೆ ತೂಕಕ್ಕಿಂತ ಗಾತ್ರ ನೋಡಿ ದುಡ್ಡು ಕೇಳುತ್ತಾರೆ. ಸಾಗಣೆಗೆ ಒಂದು 2,500 ಸೇರಿಸಿ, 17,000. ನಮ್ಮ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರ ಬಜೆಟ್‌ನಲ್ಲಿ ಶೇ 70ಕ್ಕೆ ಏರಿಸಿತು. ಕಸ್ಟಮ್ಸ್ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳೂ ಆಟಿಕೆಗಳ ಸಾಲಿನಲ್ಲೇ ಇವೆ. 17,000ಕ್ಕೆ ಶೇ 70 ಅಂದರೆ 11,900. ಅಲ್ಲಿಗೆ 28,900. ಅದರ ಮೇಲೆ ಜಿಎಸ್‌ಟಿ, ಅಂಗಡಿ ಬಾಡಿಗೆ, ಕೋರಮಂಗಲದ ಕರೆಂಟ್ ಬಿಲ್ಲು. ಇದು ಚಿಲ್ಲರೆ ಬೆಲೆ ಹಿಡಿದು ಹಾಕಿದ ಲೆಕ್ಕ. ಅಂಗಡಿಯವರಿಗೆ ಸಗಟಿನಲ್ಲಿ ಕಡಿಮೆಗೆ ಸಿಕ್ಕಿರುತ್ತದೆ, ಅವರ ಲಾಭ ಆ ಸಂದಿಯಲ್ಲಿದೆ. ಒಟ್ಟಿನಲ್ಲಿ 33,500 ಅನ್ನೋದು ದರೋಡೆಯಲ್ಲ. ಪಟ್ಟಿ ಬೆಲೆಯ ಎರಡೂಕಾಲು ಪಟ್ಟು, ಸ್ವಲ್ಪ ಮೇಲೆ. ನನ್ನ ಅಂದಾಜಿನ ಗೆರೆ ಎರಡೂವರೆ. ಅದರ ಮೇಲೆ ಕೇಳಿದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

"ಆನ್‌ಲೈನ್‌ನಲ್ಲಿ ಜಪಾನಿನಿಂದಲೇ ತರಿಸಿಬಿಡ್ತೀನಿ" ಅಂತ ನಿಮಗೆ ಅನಿಸಿರಬಹುದು. ತರಿಸಬಹುದು, ಆದರೆ ಸುಂಕ ಅಲ್ಲೂ ಬೀಳುತ್ತದೆ. ಅದರ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಆರ್ಡರ್ ಹಾಕುವ ದಿನವೇ ನೋಡಿಕೊಳ್ಳಿ. ಸ್ನೇಹಿತನ ಕೈಲಿ "ಗಿಫ್ಟ್" ಅಂತ ಬರೆಸಿ ಕಳಿಸುವ ಹಳೇ ಉಪಾಯ 2019ರ ಡಿಸೆಂಬರ್‌ಗೇ ಮುಗಿದುಹೋಯಿತು. ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು ಉಡುಗೊರೆಗೂ ಸುಂಕ ಇದೆ. ಇದರ ಜೊತೆಗೆ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ ಕೊರಿಯರ್ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಕೂತುಬಿಟ್ಟರೆ ಓಡಾಟ ನಿಮ್ಮದೇ. ಎಲ್ಲಕ್ಕಿಂತ ಸಲೀಸು, ಆಫೀಸಿನಿಂದ ಯಾರಾದರೂ ಜಪಾನ್‌ಗೆ ಹೋಗಿ ಬರುವವರಿದ್ದರೆ ಅವರ ಬ್ಯಾಗೇಜಿನಲ್ಲಿ, ಮಿತಿಯೊಳಗೆ, ಬಿಲ್ ಸಮೇತ ತರಿಸೋದು. ನನ್ನದು ಹಾಗೇ ಬಂತು, ತಂಗಿ ಗಂಡನ ಸೂಟ್‌ಕೇಸಿನಲ್ಲಿ. ಅವನು ದಾರಿಯುದ್ದಕ್ಕೂ ಬೈದುಕೊಂಡೇ ಬಂದನಂತೆ. ಮೂರು ದಿನದ ಬಟ್ಟೆಯನ್ನು ಕೈಚೀಲದಲ್ಲಿ ತುರುಕಿಕೊಂಡಿದ್ದ.

ಬೆಲೆ ಸರಿ ಅಂದಮೇಲೂ ನಾನು ಯಾಕೆ ಬೇಡ ಅಂದೆ? ಅನ್‌ಲೀಶ್ಡ್ ಒಳಗೆ ಏನಿದೆ ಅನ್ನೋದನ್ನು ಹೇಳಿದರೆ ತಿಳಿಯುತ್ತದೆ. ಕಿಟ್ ಐದು ಹಂತಗಳಲ್ಲಿ ಬೆಳೆಯುತ್ತದೆ. ಮೊದಲು ಅಸ್ಥಿಪಂಜರ. ಅದನ್ನೇ ನಿಲ್ಲಿಸಿ ಕೈಕಾಲು ಆಡಿಸಬಹುದು. ಆಮೇಲೆ ಅದರ ಮೇಲೆ ಯಂತ್ರಭಾಗ, ಆಮೇಲೆ ಕವಚ, ಕೊನೆಗೆ ಸೂಕ್ಷ್ಮ ಕೆಲಸ. ಗುಂಡಮ್ ಕಿಟ್‌ಗಳು ನಲವತ್ತು ವರ್ಷದಲ್ಲಿ ಹೇಗೆ ಹೇಗೆ ಸುಧಾರಿಸಿದವು ಅನ್ನುವ ಕಥೆಯನ್ನೇ ಕಟ್ಟುವವನ ಕೈಯಲ್ಲಿ ಮಾಡಿಸುವ ಉದ್ದೇಶ ಅವರದ್ದು. ಮೊಣಕಾಲನ್ನು ಮಡಚಿದರೆ ತೊಡೆಯ ಕವಚ ತಾನಾಗಿ ಸರಿದು ಜಾಗ ಬಿಡುತ್ತದೆ. ನಾನು ಅದನ್ನು ಮೊದಲ ಸಲ ಮಡಚಿದ ರಾತ್ರಿ ಹನ್ನೊಂದೂವರೆ. ಮಡಚೋದು, ಬಿಚ್ಚೋದು, ಮಡಚೋದು. ಹೆಂಡತಿ ಬಂದು ದೀಪ ಆರಿಸಿದಳು. ನನಗೆ ಅದು ಅಷ್ಟು ಹಿಡಿಸಿದ್ದು, ಅದಕ್ಕೆ ಮೊದಲು ಬೇರೆ ಕಿಟ್‌ಗಳಲ್ಲಿ ಗಟ್ಟಿ ಹಿಡಿದುಕೊಂಡ ಮೊಣಕಾಲು, ಸಡಿಲವಾಗಿ ಜೋತುಬಿದ್ದ ಮೊಣಕಾಲು, ಮಡಚಿದರೆ ಕವಚ ಉದುರುವ ಮೊಣಕಾಲು ಎಲ್ಲವನ್ನೂ ಕಂಡಿದ್ದರಿಂದ. ಎರಡು ಹೈ ಗ್ರೇಡ್ ಆದಮೇಲೆ ನೇರವಾಗಿ ಇದಕ್ಕೆ ಹೋದರೆ ನಿಮಗೆ ಅದು "ದೊಡ್ಡ ಕಿಟ್" ಆಗಿ ಕಂಡು ಹೋಗುತ್ತದೆ. 33,500 ಕೊಟ್ಟು ಬರೀ ಗಾತ್ರ ಕೊಂಡಂತಾಗುತ್ತದೆ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳೋದಿಲ್ಲ. ದೊಡ್ಡ ಕಿಟ್‌ನಲ್ಲಿ ಅರ್ಧ ಕೆಲಸ ಪುನರಾವರ್ತನೆ. ಎಡಗಾಲು ಕಟ್ಟಿದ ಮೇಲೆ ಬಲಗಾಲು, ಅದೇ ತುಂಡುಗಳು, ಕನ್ನಡಿಯಲ್ಲಿ. ನನಗೆ ಒಟ್ಟು 52 ಗಂಟೆ ಹಿಡಿಯಿತು, ದಿನಕ್ಕೆ ಒಂದೂವರೆ ಗಂಟೆಯಂತೆ ಹೆಚ್ಚುಕಡಿಮೆ ಐದು ವಾರ. ಬಲಗಾಲಿನ ವಾರದಲ್ಲಿ ನಾನು ಎರಡು ಸಲ "ಸಾಕಪ್ಪ" ಅಂದಿದ್ದೇನೆ. ಜನ ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತ ಲೆಕ್ಕ ಹಾಕುತ್ತಾರೆ: 33,500ನ್ನು 52ರಿಂದ ಭಾಗಿಸಿದರೆ ಗಂಟೆಗೆ ಸುಮಾರು 644, ಮಲ್ಟಿಪ್ಲೆಕ್ಸ್‌ಗಿಂತ ಅಗ್ಗ ಅಂತ. ಬಲಗಾಲಿನ ಗಂಟೆಯೂ ಮೊಣಕಾಲು ಮಡಚಿದ ಗಂಟೆಯೂ ಆ ಲೆಕ್ಕದಲ್ಲಿ ಒಂದೇ ಬೆಲೆಗೆ ನಿಲ್ಲುತ್ತವೆ. ಹಾಗಾಗಿ ಆ ಲೆಕ್ಕದ ಮೇಲೆ ನನಗೆ ನಂಬಿಕೆ ಇಲ್ಲ.

ಹಾಗಾದರೆ ಮೊದಲು ಯಾವುದು? ನಾನು ಮೇಲೆ ಹೇಳಿದ ರಿಯಲ್ ಗ್ರೇಡ್ ಎರಡನೇ ಆವೃತ್ತಿ. ಪಟ್ಟಿ ಬೆಲೆ ತೆರಿಗೆ ಬಿಟ್ಟು 3,500 ಯೆನ್, ನಮ್ಮ ಎರಡೂಕಾಲು ಚಿಲ್ಲರೆ ಪಟ್ಟಿನ ಲೆಕ್ಕದಲ್ಲಿ ಇಲ್ಲಿ 4,700 ರೂಪಾಯಿ ಆಸುಪಾಸು. 1/144, ಅಂದರೆ ನಿಮ್ಮ ಹೈ ಗ್ರೇಡ್‌ಗಳಷ್ಟೇ ಎತ್ತರ. ಕಥೆಯಲ್ಲಿ ಈ ರೋಬೋ 18 ಮೀಟರ್, ಹಾಗಾಗಿ 1/144ರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 1/100ರಲ್ಲಿ 18, 1/60ರಲ್ಲಿ 30. ಎತ್ತರ ಅಷ್ಟೇ ಇದ್ದರೂ ತುಂಡುಗಳು ಸಾಸಿವೆ ಕಾಳಿನ ಬಳಗ. ಇಕ್ಕಳ ಹಿಡಿಯದ ಕೈಗೆ ಕಷ್ಟ. ಪರ್ಫೆಕ್ಟ್ ಗ್ರೇಡ್‌ನ ತುಂಡುಗಳು ದೊಡ್ಡವು, ಹಿಡಿಯಲು ಸುಲಭ. ಬಹಳ ಜನ ಇದನ್ನು ತಲೆಕೆಳಗಾಗಿ ತಿಳಿದಿದ್ದಾರೆ: ದುಬಾರಿ ಅಂದರೆ ಕಷ್ಟ, ಅಗ್ಗ ಅಂದರೆ ಸುಲಭ ಅಂತ. ಆಮೇಲೆ 1/100ರ ಒಂದು ಮಾಸ್ಟರ್ ಗ್ರೇಡ್ ಮಾಡಿ. ಒಳಗಿನ ಫ್ರೇಮ್, ಅಂದರೆ ಅಸ್ಥಿಪಂಜರ, ಏನು ಅನ್ನೋದು ಅಲ್ಲಿ ಗೊತ್ತಾಗುತ್ತದೆ. ಅದರಲ್ಲೂ ಆರ್‌ಎಕ್ಸ್-78-2ರ 2013ರ ಮೂರನೇ ಆವೃತ್ತಿ ಇಲ್ಲಿ 6,000 ಸುಮಾರಿಗೆ ಸಿಕ್ಕರೆ ತಗೊಳ್ಳಿ. ಎರಡೂ ಸೇರಿ ಹನ್ನೊಂದು ಸಾವಿರದೊಳಗೆ ಮುಗಿಯುತ್ತದೆ.

ಈ ಎರಡು ಕಿಟ್ ಮೇಲೆ ಕೈ ಪಳಗಿಸಬೇಕಾದ್ದು ಕತ್ತರಿಸುವುದನ್ನು. ಎಲ್ಲರೂ ಬಣ್ಣ, ಡೆಕಾಲ್ (ಮೇಲೆ ಅಂಟಿಸುವ ಗುರುತುಗಳು) ಅಂತ ಹೇಳುತ್ತಾರೆ. ಕಿಟ್ ಚೆಂದ ಕಾಣುವುದೋ ಇಲ್ಲವೋ ನಿರ್ಧಾರವಾಗುವುದು ತುಂಡು ರನ್ನರ್ ಬಿಟ್ಟು ಬರುವ ಗಳಿಗೆಯಲ್ಲಿ. ತುಂಡನ್ನು ರನ್ನರಿಗೆ ಹಿಡಿದಿರುವ ಸಣ್ಣ ಕುತ್ತಿಗೆ ಇದೆಯಲ್ಲ, ಅದು ಗೇಟ್. ಮೊದಲ ಕಟ್ ತುಂಡಿನಿಂದ ಎರಡು ಮೂರು ಮಿಲಿಮೀಟರ್ ದೂರ. ತುಂಡು ಕೈಗೆ ಬಂದಮೇಲೆ ಎರಡನೇ ಕಟ್, ಅದೂ ಪೂರ್ತಿ ಅಲ್ಲ, ಕೂದಲೆಳೆಯಷ್ಟು ಉಬ್ಬು ಉಳಿಸಿ. ಆ ಉಬ್ಬನ್ನು ಬ್ಲೇಡಿನಿಂದ ಹೆರೆದು, 600, ಆಮೇಲೆ 1000 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ. ಒಂದೇ ಸಲ ಬುಡಕ್ಕೆ ಕತ್ತರಿಸಿದಿರೋ, ಪ್ಲಾಸ್ಟಿಕ್ ಹಿಂಡಿಕೊಂಡು ಬಿಳಿ ಕಲೆ ಬೀಳುತ್ತದೆ. ಬಿಳಿ ತುಂಡಿನಲ್ಲಿ ಅದು ಕಾಣುವುದಿಲ್ಲ. ಕಡು ನೀಲಿ ಎದೆಯ ಮೇಲೆ ಬಿದ್ದರೆ ಕೋಣೆಯ ಆಚೆ ತುದಿಯಿಂದ ಕಾಣುತ್ತದೆ. ನಿಮ್ಮ ಹೈ ಗ್ರೇಡ್‌ನ ಎದೆ ನೋಡಿಕೊಳ್ಳಿ. ನಾಲ್ಕೈದು ಬಿಳಿ ಚುಕ್ಕೆ ಇದ್ದರೆ ಪರ್ಫೆಕ್ಟ್ ಗ್ರೇಡ್‌ಗೆ ಯಾಕೆ ಕಾಯಬೇಕು ಅನ್ನೋದಕ್ಕೆ ನನ್ನ ಉತ್ತರಕ್ಕಿಂತ ಅದೇ ಒಳ್ಳೆ ಉತ್ತರ.

ಸಲಕರಣೆಗೆ ದೂರ ಹೋಗಬೇಡಿ. ಎಸ್.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ಸ್‌ನವರು ವೈರ್ ಕತ್ತರಿಸುವ ಸಣ್ಣ ನಿಪ್ಪರ್ ಸಿಗುತ್ತದೆ, ಮೊದಲ ಕಟ್‌ಗೆ ಸಾಕು. ಉಪ್ಪುಕಾಗದ ಹಾರ್ಡ್‌ವೇರ್ ಅಂಗಡಿಯಲ್ಲಿ, "ವಾಟರ್ ಪೇಪರ್" ಅಂತ ಕೇಳಿ. ಉಗುರು ತಿಕ್ಕುವ ಗಾಜಿನ ಅರ ಬಳೆ ಅಂಗಡಿಯಲ್ಲಿ. ಗಾಂಧಿಬಜಾರಿನಲ್ಲಿ ನಾನು ಅದನ್ನು ಕೇಳಿದಾಗ ಅಂಗಡಿಯಾಕೆ "ಮಗಳಿಗಾ?" ಅಂದರು. ಹೌದು ಅಂದುಬಿಟ್ಟೆ. ಒಳ್ಳೆಯ ಒಂದಲಗಿನ ಜಪಾನಿ ನಿಪ್ಪರ್ ಆಮೇಲೆ ಕೊಳ್ಳಿ. ಆದರೆ ಅದರಲ್ಲಿ ದಪ್ಪ ರನ್ನರ್ ಕತ್ತರಿಸಲು ಹೋದರೆ ಅಲಗು ಟಕ್ ಅಂತ ಹಾರುತ್ತದೆ.

ಕವಚದ ಮೇಲಿನ ಗೀಟುಗಳಿಗೆ ಕಪ್ಪು ಬಣ್ಣ ಇಳಿಸುವ ಕೆಲಸ ಮಾಡುತ್ತೀರಾದರೆ ಒಂದು ವಿಷಯ ಖಂಡಿತ ನೆನಪಿಡಿ. ರನ್ನರ್ ಅಂಚಿನಲ್ಲಿ ಪಿಎಸ್, ಎಬಿಎಸ್, ಪಿಇ ಅಂತ ಪ್ಲಾಸ್ಟಿಕ್‌ನ ಜಾತಿ ಹೇಳುವ ಸಣ್ಣ ಅಕ್ಷರ ಇರುತ್ತದೆ. ಎಬಿಎಸ್ ತುಂಡುಗಳಿಗೆ, ಅದರಲ್ಲೂ ಬಿಗಿಯಾಗಿ ಕೂತ ಫ್ರೇಮ್ ತುಂಡುಗಳಿಗೆ, ಎನಾಮಲ್ ತಿನ್ನರ್ ತಾಗಿದರೆ ಒಳಗೊಳಗೇ ಬಿರುಕು ಬಿಡುತ್ತದೆ. ಮಾರನೇ ದಿನ ಬೆಳಿಗ್ಗೆ ಸೊಂಟ ಮುರಿದು ಬಿದ್ದಿರುತ್ತದೆ. ನನ್ನ ಒಂದು ಮಾಸ್ಟರ್ ಗ್ರೇಡ್‌ನ ಪಾದದ ಕೀಲು ಹಾಗೇ ಹೋಯಿತು. ದುಬಾರಿ ಕಿಟ್‌ನ ನಿಜವಾದ ಭಯ ಇಲ್ಲಿದೆ. ಕಂಪನಿಯಿಂದ ಬಿಡಿಭಾಗ ತರಿಸುವ ಏರ್ಪಾಡು ಇದೆ, ಅದು ಜಪಾನಿನಲ್ಲಿರುವವರಿಗೆ. ಬನಶಂಕರಿಯಲ್ಲಿ ಕೂತವರ ಕೀಲು ಮುರಿದರೆ ಪ್ಲಾಸ್ಟಿಕ್ ಸಿಮೆಂಟು, ಹಿತ್ತಾಳೆ ಕಡ್ಡಿ, ಇಲ್ಲವೇ ಇನ್ನೊಬ್ಬ ಹವ್ಯಾಸಿಯ ಡಬ್ಬಿಯಲ್ಲಿ ಉಳಿದ ತುಂಡು. 4,700ರ ಕಿಟ್‌ನಲ್ಲಿ ಇದು ಪಾಠ. 33,500ರದ್ದರಲ್ಲಿ ಇದೇ ಆದರೆ ರಾತ್ರಿ ಊಟ ಸೇರೋದಿಲ್ಲ.

ಮಂಕು ಟಾಪ್‌ಕೋಟ್ (ಕೊನೆಗೆ ಹೊಡೆಯುವ ಹೊಳಪಿಲ್ಲದ ಲೇಪ) ಹೊಡೆಯುವ ಯೋಚನೆ ಇದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಮಳೆಗಾಲದ ಥಂಡಿಯಲ್ಲಿ ಲ್ಯಾಕರ್ ಒಣಗುವಾಗ ತೇವ ಸೇರಿ ಬೂದಿ ಬಳಿದ ಹಾಗೆ ಬಿಳುಚಿಕೊಳ್ಳುತ್ತದೆ. ಫೆಬ್ರವರಿ, ಮಾರ್ಚಿನ ಒಣ ಮಧ್ಯಾಹ್ನ ಒಳ್ಳೆಯದು.

ನಕಲಿಯ ಬಗ್ಗೆ ಸ್ವಲ್ಪ. ಅರ್ಧ ಬೆಲೆಗೆ "ಸೇಮ್ ಕ್ವಾಲಿಟಿ" ಅಂತ ಬರುವ ಚೀನಾ ನಕಲುಗಳಿವೆ. ಕುತೂಹಲಕ್ಕೆ ನಾನೂ ಒಂದು ತರಿಸಿದೆ. ಮಾರಿದವರು "ಒರಿಜಿನಲ್" ಅಂದಿದ್ದರು. ಪೆಟ್ಟಿಗೆ ತೆರೆದ ಕೂಡಲೇ ಮೋಲ್ಡ್ ಎಣ್ಣೆಯ ವಾಸನೆ ಹೊಡೆಯಿತು. ತುಂಡುಗಳ ಅಂಚಿನಲ್ಲಿ ದೋಸೆಯ ಅಂಚಿನ ಗರಿಯ ಹಾಗೆ ಫ್ಲ್ಯಾಶ್, ಅಂದರೆ ಡೈಯ ಸಂದಿಯಿಂದ ಹೊರಚೆಲ್ಲಿದ ಪ್ಲಾಸ್ಟಿಕ್. ಅಸಲಿ ಕಿಟ್‌ನ ತುಂಡಿನಿಂದಲೇ ಅಚ್ಚು ತೆಗೆದು ಮಾಡಿದ ಡೈ ಇರಬೇಕು, ಅಳತೆ ಕೂದಲೆಳೆಯಷ್ಟು ತಪ್ಪಿತ್ತು. ಇಲ್ಲಿ ಬಿಗಿ, ಅಲ್ಲಿ ಸಡಿಲ. ಸಣ್ಣ ಕಿಟ್‌ನಲ್ಲಿ ಸಹಿಸಬಹುದು. ಮೂವತ್ತು ಸೆಂಟಿಮೀಟರ್ ಎತ್ತರದ್ದು ತನ್ನ ಭಾರವನ್ನು ತಾನೇ ಹೊತ್ತು ನಿಲ್ಲಬೇಕು. ಸೊಂಟದ ಕೀಲು ಸಡಿಲವಾದರೆ ನಿಧಾನವಾಗಿ ಮುಗ್ಗರಿಸುತ್ತಾ ಹೋಗುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ನಮಸ್ಕಾರ ಮಾಡುತ್ತಿರುತ್ತದೆ. ಬೇಡ.

ಇನ್ನು ಮನೆ. ಇದನ್ನು ಯಾರೂ ಅಳೆಯೋದಿಲ್ಲ, ನೀವು ಇವತ್ತೇ ಅಳೆಯಿರಿ. ನಮ್ಮ ಕಡೆ ಹಾಲ್‌ನಲ್ಲಿ ಟಿವಿ ಮೇಲೋ ಪಕ್ಕದಲ್ಲೋ ಇರುವ ಗಾಜಿನ ಶೋಕೇಸ್‌ನ ಒಂದೊಂದು ಅಂಕಣ ಬಹುತೇಕ ಇಪ್ಪತ್ತೈದು, ಇಪ್ಪತ್ತೆಂಟು ಸೆಂಟಿಮೀಟರ್ ಎತ್ತರ. ಈ ರೋಬೋ 30, ತಲೆಯ ಮೇಲಿನ ಕೊಂಬು ಬೇರೆ. ಹಿಡಿಸೋದಿಲ್ಲ. ಹೊರಗಿಟ್ಟರೆ ಧೂಳು. ಮೆಟ್ರೋ ಕಾಮಗಾರಿ, ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟು, ನಿಮಗೆ ನಾನು ಹೇಳಬೇಕಿಲ್ಲ. ಪಶ್ಚಿಮದ ಕಿಟಕಿ ಎದುರಿಟ್ಟರೆ ಎರಡು ಬೇಸಿಗೆಯಲ್ಲಿ ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ. ಬಾಡಿಗೆ ಮನೆ ಅಂದಿರಿ. ಮನೆ ಬದಲಿಸುವ ದಿನ ಪ್ಯಾಕರ್ಸ್‌ನವರ ಕೈಗೆ ಇದನ್ನು ಕೊಡಲಾಗದು. ಹಳೆಯ ಪೆಟ್ಟಿಗೆ ಬಿಸಾಡಬೇಡಿ, ತಲೆ, ಕೈ, ಕಾಲು ಬಿಡಿಸಿ ಅದರಲ್ಲೇ ಸಾಗಿಸಿ.

ಮಗನ ವಿಷಯ. ನಾಲ್ಕು ವರ್ಷದವನಿಗೆ ಇದು ಆಟಿಕೆ ಅಲ್ಲ, ಅವನಿಗೆ ಅದು ಆಟಿಕೆಯ ಹಾಗೇ ಕಾಣುತ್ತದೆ. ಸಮಸ್ಯೆ ಅದು. ಸಣ್ಣ ತುಂಡು ಬಾಯಿಗೆ ಹೋಗುವ ವಯಸ್ಸು ದಾಟುತ್ತಿದೆ, ಆದರೂ ಕಟ್ಟುವಾಗ ಅವನು ಮಲಗಿರಲಿ, ಕತ್ತರಿಸಿದ ಚೂರುಗಳನ್ನು ತಟ್ಟೆಯಲ್ಲೇ ಬೀಳಿಸಿ. ಅವನು ಇನ್ನೂ ಎರಡು ಮೂರು ವರ್ಷ ದೊಡ್ಡವನಾದ ಮೇಲೆ ಎಂಟ್ರಿ ಗ್ರೇಡ್‌ನ ಆರ್‌ಎಕ್ಸ್-78-2 ಕೊಡಿಸಿ. ಜಪಾನಿನಲ್ಲಿ ತೆರಿಗೆ ಸೇರಿ 770 ಯೆನ್, ನಿಪ್ಪರ್ ಬೇಡ, ಬೆರಳಲ್ಲೇ ತುಂಡು ಬಿಡಿಸಬಹುದು. ಅಪ್ಪನದ್ದು ಮುಟ್ಟಬೇಡ ಅನ್ನೋದಕ್ಕಿಂತ ಇದು ನಿಂದು ಅಂತ ಕೈಗೆ ಕೊಟ್ಟರೆ ಬೇಗ ಕೇಳುತ್ತಾನೆ.

ಅಮ್ಮನ ಬಗ್ಗೆ ನನ್ನ ಅನುಭವ ಬೇರೆ. ನನ್ನ ತಾಯಿಗೂ ಮೊದಲು ಇದು ಸಿಟ್ಟಿನ ವಸ್ತುವೇ ಆಗಿತ್ತು. ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ ಮೇಲೆ, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಚನ್ನಪಟ್ಟಣದ ಬಣ್ಣದ ಎತ್ತಿನಗಾಡಿ, ಅದರ ಮುಂದೆ ಮೊಳಕೆ ಬಂದ ರಾಗಿಯ ಪಾರ್ಕು. ಎರಡು ವರ್ಷದ ಹಿಂದೆ ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಗುಂಡಮ್ ಪಾರ್ಕಿನ ಬಾಗಿಲಲ್ಲಿ ನಿಂತಿದೆ, ಕೈಲಿದ್ದ ಬಂದೂಕು ಮಾಯ. "ಹಬ್ಬದ ಮನೇಲಿ ಬಂದೂಕು ಯಾಕೆ, ವಾಚ್‌ಮನ್ ತರ ನಿಲ್ಲಲಿ" ಅಂದರು. ಬಂದೂಕು ಒಂದು ವಾರ ಅಡುಗೆಮನೆಯ ಚಮಚದ ಡಬ್ಬಿಯಲ್ಲಿತ್ತು. ಹಾಗಂತ ಅಮ್ಮನನ್ನು ಒಲಿಸಲು 33,500 ಕೊಡಿ ಅಂತ ನಾನು ಹೇಳುತ್ತಿಲ್ಲ.

ಯಾವಾಗ ಕೊಳ್ಳಬಹುದು ಅನ್ನೋದನ್ನೂ ಹೇಳಿಬಿಡುತ್ತೇನೆ. ರಿಯಲ್ ಗ್ರೇಡ್ ಮುಗಿಸಿದ ಮೇಲೆ ಅದರ ಎಡಗಾಲು ಬಲಗಾಲು ಎರಡೂ ಬೇಸರವಿಲ್ಲದೆ ಕಟ್ಟಿದಿರೋ, ಅಥವಾ ಬಲಗಾಲನ್ನು ಹದಿನೈದು ದಿನ ಪೆಟ್ಟಿಗೆಯಲ್ಲೇ ಬಿಟ್ಟಿರೋ ನೋಡಿಕೊಳ್ಳಿ. ಬಿಟ್ಟಿದ್ದರೆ ಪರ್ಫೆಕ್ಟ್ ಗ್ರೇಡ್ ನಿಮಗಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ನನ್ನ ಗೆಳೆಯರಲ್ಲಿ ಚೆನ್ನಾಗಿ ಕಟ್ಟುವ ಇಬ್ಬರು ಹನ್ನೆರಡೂವರೆ ಸೆಂಟಿಮೀಟರ್ ದಾಟಿ ಹೋಗೇ ಇಲ್ಲ. ಮಾಸ್ಟರ್ ಗ್ರೇಡ್ ಕವಚ ಹಾಕುವ ಮುಂಚೆ ಬರೀ ಫ್ರೇಮನ್ನು ಎರಡು ದಿನ ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಾ ಕೂತಿರಿ ಅಂತಾದರೆ ಮಾತ್ರ ಅಂಗಡಿಗೆ ಹೋಗಿ. ಹೋದಾಗ ಪೆಟ್ಟಿಗೆಯ ಮೂಲೆ ಜಜ್ಜಿಲ್ಲವೇ ನೋಡಿ. ಮನೆಗೆ ತಂದ ದಿನವೇ ಕೈಪಿಡಿಯ ಮೊದಲ ಪುಟಗಳಲ್ಲಿರುವ ರನ್ನರ್ ಚಿತ್ರದ ಜೊತೆ ಒಂದೊಂದಾಗಿ ಹೋಲಿಸಿ ಎಣಿಸಿ, ಅದರ ವಿಡಿಯೋ ಇಟ್ಟುಕೊಳ್ಳಿ. ಮೂರು ವಾರ ಬಿಟ್ಟು ಒಂದು ರನ್ನರ್ ಇಲ್ಲ ಅಂದರೆ ಯಾರೂ ಕೇಳೋದಿಲ್ಲ.

ಮುಂದೆ ಮಾರಿಕೊಳ್ಳಬಹುದಲ್ಲ ಅನ್ನುವ ಸಮಾಧಾನ ಮಾತ್ರ ಇಟ್ಟುಕೊಳ್ಳಬೇಡಿ. ಸೀಲ್ ಒಡೆಯದ ಪೆಟ್ಟಿಗೆಗೆ ಬೆಲೆ ಇದೆ. ಕಟ್ಟಿದ ಗುಂಡಮ್‌ಗೆ, ಅದನ್ನು ಕಟ್ಟಿದವನ ಮನೆಯ ಹೊರಗೆ, ಬೆಲೆ ಇಲ್ಲ. ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ಕಾಮಿಕ್ ಕಾನ್ (ಕಾಮಿಕ್ಸ್, ಕಾರ್ಟೂನ್ ಪ್ರಿಯರ ಮೇಳ) ನಡೆಯುವಾಗ ಒಂದು ಸಲ ಹೋಗಿ ಬನ್ನಿ. ಕಿಟ್ ಕಟ್ಟುವ ಹವ್ಯಾಸಿಗಳು ಅಲ್ಲಿ ಸಿಗುತ್ತಾರೆ. ಪರ್ಫೆಕ್ಟ್ ಗ್ರೇಡ್ ಕಟ್ಟಿದವರು ಯಾರಾದರೂ ಸಿಕ್ಕರೆ "ಬಲಗಾಲು ಎಷ್ಟು ದಿನ ಹಿಡೀತು?" ಅಂತ ಕೇಳಿ, ಮುಖ ನೋಡಿ.

ಫ್ರಿಜ್ ಎಷ್ಟು ಹಳೆಯದು ಅಂತ ನೀವು ಬರೆದಿಲ್ಲ. ಬಾಗಿಲಿನ ರಬ್ಬರಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ, ಅದೊಂದನ್ನು ಬದಲಿಸಿದರೆ ಸಾಕಾಗಬಹುದು. ಕಂಪ್ರೆಸರ್ ಹೋಗಿದ್ದರೆ ಅಮ್ಮ ಹೇಳಿದಂತೆ ಮಾಡಿ, ರಿಯಲ್ ಗ್ರೇಡ್ ದೀಪಾವಳಿಗೆ ತಗೊಳ್ಳಿ.